ಸುಟ್ಟ ಪೊಟರೆಯೊಳಗೆ ನಿಂತು

ನಾನು ಕಳಿಸಿದ ಸಿಕ್ವೊಯಾ ಮರದ ಫೋಟೊ ನೋಡಿದ ಅವ್ವ ಕೇಳಿದ ಮೊದಲ ಮಾತು: "ನಮ್ಮ ದೊಡ್ಡ ಹುಣಸಿಮರಕ್ಕಿಂತ ದೊಡ್ಡದೈತೇನ?"

ಸವಣೂರಿನವರಿಗೆ ಮರ ಅಳೆಯಲು, ನಾವು ದೊಡ್ಡ ಹುಣಸಿ ಅನ್ನುವ, ಮಠದ ಆ ಮೂರು ಬಾವೊಬಾಬ್ ಮರಗಳೇ ಅಳತೆಗೋಲು. ಚಿಕ್ಕವರಿದ್ದಾಗ ಕೈ ಕೈ ಹಿಡಿದು ಅವನ್ನು ಬಳಸಲು ಎಷ್ಟು ಹುಡುಗರು ಬೇಕಾಗುತ್ತಿತ್ತು! ದೊಡ್ಡದು ಅವ್ವಾ, ಅಂದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟದ ಈ ಸಿಕ್ವೊಯಾ, ಹೆಸರು ಜನರಲ್ ಶೆರ್ಮನ್, ಸುಮಾರು 84 ಮೀಟರ್ ಎತ್ತರ. ವಯಸ್ಸು 2,200 ವರ್ಷದ ಆಸುಪಾಸು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ದಾರಿ ಬದಿಯ ಹೆಸರಿಲ್ಲದ ಇನ್ನೊಂದು ಮರ. ಬುಡದಲ್ಲಿ ಬೆಂಕಿ ಕೊರೆದ ಪೊಟರೆ. ನಾನು ನೆಟ್ಟಗೆ ನಿಲ್ಲುವಷ್ಟು. ಒಳಗೋಡೆ ಇದ್ದಿಲು, ಮುಟ್ಟಿದರೆ ಬೆರಳು ಕಪ್ಪು. ಹೊರಗೆ ಬಂದು ಕತ್ತೆತ್ತಿದರೆ ತುದಿ ಹಚ್ಚಗೆ! ತೊಗಟೆ ಒತ್ತಿದೆ, ತೆಂಗಿನ ನಾರಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಕೆಲವು ಕಡೆ ಅದು 60 ಸೆಂಟಿಮೀಟರ್ ದಪ್ಪವಂತೆ. ಅದರಲ್ಲಿ ಉರಿಯುವ ಅಂಟು ಕಡಿಮೆ, ಒಗರು ಹೆಚ್ಚು; ಅದಕ್ಕೇ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ.

ಆದರೂ ಮರಿ ಹುಟ್ಟಲು ಈ ಮರಕ್ಕೆ ಬೆಂಕಿ ಬೇಕೇ ಬೇಕು. ಕೋಳಿಮೊಟ್ಟೆ ಗಾತ್ರದ ಕಾಯಿಗಳು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡೇ ಇರುತ್ತವೆ. ಕೆಳಗೆ ಹೊತ್ತಿದ ಬೆಂಕಿಯ ಝಳಕ್ಕೆ ಒಣಗಿ ಬಾಯಿ ಬಿಟ್ಟಾಗ ಎಳ್ಳಿಗಿಂತ ತುಸು ದೊಡ್ಡ ಬೀಜ ಬೂದಿಯ ಮೇಲೆ ಉದುರುತ್ತದೆ. ಇಲ್ಲಿನ ಮೂಲನಿವಾಸಿಗಳು ತಾವೇ ಸಣ್ಣ ಬೆಂಕಿ ಇಟ್ಟು ಕಾಡು ಹಸನು ಮಾಡುತ್ತಿದ್ದರು. ಆಮೇಲೆ ಬಂದವರು ನೂರು ವರ್ಷ ಕಂಡ ಕಂಡ ಬೆಂಕಿಯನ್ನೆಲ್ಲ ಆರಿಸಿದರು. ಒಣಕಸ ಕೂಡಿತು, ಮೇಲೆ ಬರ ಬಿತ್ತು. 2020ರ ಕ್ಯಾಸಲ್ ಕಾಳ್ಗಿಚ್ಚಿನಲ್ಲಿ ಉರಿ ನೆತ್ತಿಗೇ ಏರಿ 7,500ರಿಂದ 10,600 ದೊಡ್ಡ ಮರಗಳು ಸತ್ತವೆಂದು ಅಂದಾಜು. ನೂರಾರು, ಸಾವಿರಾರು ವರ್ಷ ಬದುಕಿದವು, ಒಂದೇ ಕಾಳ್ಗಿಚ್ಚಿನಲ್ಲಿ! ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮರುವರ್ಷ ಮತ್ತೆ ಬೆಂಕಿ ಬಂದಾಗ ಶೆರ್ಮನ್ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿ ಕಾದರು, ಉಳಿಯಿತು.

ಹೊದಿಕೆಯ ಮಾತು ಕೇಳಿ ಅವ್ವ ನಗಲಿಲ್ಲ. 2023ರ ಮಳೆಗಾಲದಲ್ಲಿ ನಮ್ಮ ಮೂರರಲ್ಲೊಂದು ಮರ ಬಿದ್ದಾಗ ಅದನ್ನು ಎತ್ತಿ ಮತ್ತೆ ನೆಟ್ಟದ್ದನ್ನು ಕಂಡವಳು ಅವಳು. ಆಗ ಕಳಿಸಿದ ಚಿಗುರಿನ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. "ಆ ಸುಟ್ಟ ಮರದ್ದೂ ಚಿಗುರು ಕಂಡ್ರ ಫೋಟೊ ಕಳಸು" ಅಂದಳು.