ಎರಡನೇ ಪುಟ

11 ಜೂನ್ 2024, ಮಂಗಳವಾರ
ಕೋಲಾರ

ಸಂಜೆ ಎಪಿಎಂಸಿಯಲ್ಲಿ ಭಾವನ ಮಂಡಿಗೆ ಹೋಗಿದ್ದೆ. ಕೆಲಸ ಏನೂ ಇರಲಿಲ್ಲ. ಮನೆಯಲ್ಲಿ ಕೂತರೆ ಮೊಬೈಲ್ ತೆಗೆದು ಅದೇ ಷೇರು ನೋಡುತ್ತಿರುತ್ತೇನೆ, ಅದಕ್ಕೆ.

412 ರೂಪಾಯಿಗೆ 200 ಷೇರು ಕೊಂಡಿದ್ದೆ. ಇವತ್ತು 291. ಇಳಿದದ್ದಕ್ಕೆ ಅಷ್ಟು ಬೇಜಾರಿಲ್ಲ, ಟೊಮೆಟೊ ಊರಿನವನು ನಾನು. ಆದರೆ ಮೇ 30ರೊಳಗೆ ಕೊಡಬೇಕಿದ್ದ ವರ್ಷದ ಲೆಕ್ಕವನ್ನು ಕಂಪನಿ ಇನ್ನೂ ಕೊಟ್ಟಿಲ್ಲ. ಹಿಂದಿನ ಎರಡು ತ್ರೈಮಾಸಿಕದ ಮಾರಾಟವನ್ನು ಮತ್ತೆ ನೋಡುತ್ತಿದ್ದಾರಂತೆ, ಅಂಕಿ ಬದಲಾಗಬಹುದಂತೆ. ಎರಡೇ ಸಾಲಿನ ಪ್ರಕಟಣೆ.

"ಅಗ್ಗ ಆಗಿದೆ ಭಾವ, ಇನ್ನೊಂದು ನೂರು ತಗೊಳ್ಳೋಣ ಅಂತಿದ್ದೀನಿ" ಅಂದೆ. ಕಂಪನಿ ತೋರಿಸಿದ್ದು ಷೇರಿಗೆ 20.60 ರೂಪಾಯಿ ಲಾಭ. ಕೊಂಡಾಗ ಬೆಲೆ ಅದರ 20 ಪಟ್ಟು ಇತ್ತು, ಈಗ 14.

"ಯಾವ ಲಾಭ? ತಿದ್ತೀವಿ ಅಂತಿದ್ದಾರಲ್ಲ, ಅದೇನಾ?"

ಬಾಯಿ ಕಟ್ಟಿಹೋಯಿತು. ತಿದ್ದಿದ ಮೇಲೆ ಆ ಲಾಭ 10ಕ್ಕೆ ಇಳಿದರೆ ಇದೇ 291 ರೂಪಾಯಿ 29 ಪಟ್ಟು. ಕೊಂಡಾಗಿನದಕ್ಕಿಂತ ದುಬಾರಿ!

ಭಾವ ತನ್ನ ಪುಸ್ತಕ ತೆಗೆದ. "ಮಾಲು ಲಾರಿ ಹತ್ತಿದ ದಿನ ಈ ಪುಟ. ದುಡ್ಡು ಬಂದ ದಿನ ಆ ಪುಟ. ಅರ್ಧ ಕೊಳೆತಿದೆ ಅಂತ ಚೆನ್ನೈನಿಂದ ಫೋನ್ ಬಂದ್ರೆ ಇಲ್ಲಿ ಕೆಂಪು ಗೀಟು. ನಿಮ್ಮೋರು ಎರಡನೇ ಪುಟ ತೋರಿಸಲ್ವಾ?"

ತೋರಿಸುತ್ತಾರೆ. ನಾನೇ ನೋಡಿರಲಿಲ್ಲ. ಅಲ್ಲೇ ಬಾಕ್ಸುಗಳ ಮೇಲೆ ಕೂತು ಹೋದ ವರ್ಷದ ವರದಿ ತೆರೆದೆ. ಲಾಭ ಏರಿದೆ. ವ್ಯಾಪಾರದಿಂದ ಕೈಗೆ ಬಂದ ನಗದು ಮೈನಸ್. ಡೀಲರ್‌ಗಳಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಬೆಳೆದಿದೆ. ಮಾರ್ಚ್ ಕೊನೆಯಲ್ಲಿ ಡೀಲರ್ ಗೋಡೌನಿಗೆ ಮಾಲು ತುಂಬಿಸಿ ಮಾರಾಟ ಅಂತ ಬರೆದಿದ್ದಾರೋ ಏನೋ. ಅಥವಾ ಬರೀ ಗುಮಾಸ್ತೆಯ ತಪ್ಪೋ. ಹೊರಗಿನವನಿಗೆ ಎರಡೂ ಒಂದೇ ಥರ ಕಾಣುತ್ತವೆ.

2009ರ ಜನವರಿ 7ರಂದು ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಷೇರು ಒಂದೇ ದಿನಕ್ಕೆ ಮುಕ್ಕಾಲು ಪಾಲು ಕರಗಿದ್ದನ್ನು ಟೀವಿಯಲ್ಲಿ ನೋಡಿದ್ದೆ. ಇಲ್ಲದ 5,040 ಕೋಟಿ ರೂಪಾಯಿಯನ್ನು ಇದೆ ಅಂತ ತೋರಿಸಿದ್ದರು. ಜನ ಅದು ಹೇಗೆ ನಂಬಿದರಪ್ಪಾ ಅಂತ ನಕ್ಕಿದ್ದೆ.

ಈ ಸಲ ಮಳೆ ಚೆನ್ನಾಗಿದೆ. ಅಂತರಗಂಗೆ ಬೆಟ್ಟ ಹಸಿರಾಗುತ್ತಿದೆ. ಬರುವಾಗ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ ಸುಮ್ನೆ ನೋಡಿದೆ.

ಊಟಕ್ಕೆ ಬಡಿಸುತ್ತಾ ಇವಳು ಚೀಟಿ ದುಡ್ಡಿನ ವಿಷಯ ತೆಗೆದಳು. ಇದೆ ಕಣೇ ಅಂದೆ. ಎಷ್ಟಿದೆ ಅಂದಳು. 82,400 ಅಂದೆ.

ಬೆಳಗ್ಗೆ 9.15ಕ್ಕೆ ಮಾರ್ಕೆಟ್ ತೆರೆಯುತ್ತದೆ, ಅಷ್ಟರೊಳಗೆ ಅವಳಿಗೆ