ಹಸಿದ ಬೆಕ್ಕಿಗೆ ಹಸಿವಿನ ಮಾತ್ರೆ

ಕೇಸ್ ಶೀಟಿನಲ್ಲಿ ನನ್ನದೇ ಕೈಬರಹ ಇನ್ನೂ ಹಾಗೇ ಇದೆ: "ವಾಂತಿ ++. ಊಟ ಸೇರುತ್ತಿಲ್ಲ. ತೂಕ 2.9ರಿಂದ 2.3. ಕಾರಣ?" ಆ ಪ್ರಶ್ನೆ ಚಿಹ್ನೆ ಕಂಡಾಗಲೆಲ್ಲ ನಾಚಿಕೆಯಾಗುತ್ತದೆ. ಉತ್ತರ ಅದೇ ಫೈಲಿನಲ್ಲಿತ್ತು, ಎರಡು ಹಾಳೆ ಹಿಂದೆ.

ಬೆಕ್ಕಿನ ಹೆಸರು ಬೆಲ್ಲ. ಎಂಟು ತಿಂಗಳ ಗಂಡು, ಬಣ್ಣವೂ ಅಚ್ಚು ಬೆಲ್ಲದ್ದೇ. ಸಾಕಿದವರು ಮೈಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬೆಕ್ಕಿನ ಬುಟ್ಟಿಯ ಜೊತೆ ಒಂದು ಡೈರಿಯೂ ಬರುತ್ತದೆ. ಎಷ್ಟು ಗಂಟೆಗೆ ತಿಂದ, ಎಷ್ಟು ತಿಂದ, ಮಾತ್ರೆ ಎಷ್ಟಕ್ಕೆ ಕೊಟ್ಟಿದ್ದು, ಎಲ್ಲ ಗುಂಡಗಿನ ಅಕ್ಷರದಲ್ಲಿ. ಇಂಥ ಕ್ಲೈಂಟ್ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ನಾವು ಹೇಳುತ್ತಿರುತ್ತೇವೆ. ಆದರೆ ಆ ಡೈರಿ ಓದಲು ಪುರುಸೊತ್ತು ಮಾತ್ರ ನಮಗಿರುವುದಿಲ್ಲ.

ಅವರು ಬಂದಿದ್ದು ಶನಿವಾರ ಸಂಜೆ. ಒಳಗೆ ಪಾರ್ವೋ ವೈರಸ್ ತಗುಲಿದ ನಾಯಿಮರಿಗೆ ಡ್ರಿಪ್ ಹೋಗುತ್ತಿತ್ತು, ಹೊರಗೆ ಏಳು ಟೋಕನ್ ಬಾಕಿ. "ಡಾಕ್ಟ್ರಮ್ಮ, ದಿನಾ ವಾಂತಿ ಮಾಡ್ತಾನೆ. ಬಟ್ಟಲ ಹತ್ರ ಹೋಗ್ತಾನೆ, ಎರಡು ಬಾಯಿ ತಿಂತಾನೆ, ಬಿಟ್ಟು ಬರ್ತಾನೆ," ಅಂದರು. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಟೆಂಪರೇಚರ್ 102.8. ಜಂತಿನ ಔಷಧ ಆಗಿತ್ತು. ರಕ್ತ ತೆಗೆದು ಸಿಬಿಸಿ, ಎಲ್‌ಎಫ್‌ಟಿ, ಕೆಎಫ್‌ಟಿ ಟೆಸ್ಟಿಗೆ ಕಳಿಸಿದೆ. ಬೆಕ್ಕಿನ ಎರಡು ವೈರಸ್ ನೋಡುವ ಎಫ್‌ಐವಿ-ಫೆಲ್ವಿ ಕಿಟ್ ನೆಗೆಟಿವ್. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಸ್ಕ್ಯಾನ್ ಮಾಡಿದವರು ಒಂದು ಲಿಂಫ್ ನೋಡ್ ದಪ್ಪ "ಇರಬಹುದು" ಅಂತ ಬರೆದರು.

ರಿಪೋರ್ಟ್ ಬಂತು. ರಕ್ತದ ಪ್ರೋಟೀನುಗಳಲ್ಲಿ ಗ್ಲೋಬ್ಯುಲಿನ್ ಚೂರು ಜಾಸ್ತಿ, ಆಲ್ಬುಮಿನ್‌ಗೂ ಅದಕ್ಕೂ ಇರುವ ಅನುಪಾತ, ಅಂದರೆ ಎ:ಜಿ, 0.6. 0.8ರ ಮೇಲಿದ್ದರೆ ಎಫ್‌ಐಪಿ, ಅಂದರೆ ಎಳೆ ಬೆಕ್ಕುಗಳ ಜೀವ ತೆಗೆಯುವ ಒಂದು ವೈರಸ್ ರೋಗದ ಯೋಚನೆಯನ್ನು ಹೆಚ್ಚುಕಡಿಮೆ ಬಿಡಬಹುದು. 0.4ರ ಕೆಳಗಿದ್ದರೆ ಗುಮಾನಿ ಗಟ್ಟಿ. 0.6 ಅಂದರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನಾನು ಇತ್ತ ಎಳೆದುಕೊಂಡೆ. ಯಾಕೆಂದರೆ ಹಿಂದಿನ ತಿಂಗಳಷ್ಟೇ ಒಂದು ಮರಿ ಅದೇ ರೋಗದಿಂದ ನನ್ನ ಕೈಯಲ್ಲೇ ಹೋಗಿತ್ತು. ಆಮೇಲೆ ಸೊರಗಿದ ಎಳೆ ಬೆಕ್ಕು ಯಾವುದು ಬಂದರೂ ನನಗೆ ಅದೇ ಕಾಣುತ್ತಿತ್ತು.

ಮೇಷ್ಟ್ರಿಗೆ ರೋಗದ ಹೆಸರು ಹೇಳಿಬಿಟ್ಟೆ. 84 ದಿನದ ಕೋರ್ಸ್, ಖರ್ಚು ಜಾಸ್ತಿ ಅಂತಲೂ ಹೇಳಿದೆ. ಅವರು ಡೈರಿಯಲ್ಲಿ 84 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು. ಇನ್ನೊಂದು ಟೆಸ್ಟ್ ಮಾಡಿ ಖಾತ್ರಿ ಮಾಡಿಕೊಳ್ಳೋಣ, ಅಲ್ಲಿವರೆಗೆ ಇದು ಕೊಡಿ ಅಂತ ವಾಂತಿಗೆ ಒಂಡಾನ್ಸೆಟ್ರಾನ್, ಹಸಿವಿಗೆ ಮಿರ್ಟಾಜಪೀನ್ ಬರೆದೆ.

ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. "ತಿನ್ನೋವಾಗ ಒಂದು ವಿಡಿಯೋ ಮಾಡಿದೀನಿ. ನೋಡ್ತೀರಾ?"

"ಕ್ಲಿನಿಕ್ ನಂಬರಿಗೆ ವಾಟ್ಸಾಪ್ ಮಾಡಿ ಸಾರ್, ನೋಡಿ ಹೇಳ್ತೀನಿ."

ಕ್ಲಿನಿಕ್ ನಂಬರಿನ ಫೋನ್ ರಿಸೆಪ್ಶನ್‌ನಲ್ಲಿರುತ್ತದೆ. ಅದರಲ್ಲಿ ಜಾಗ ತುಂಬಿ ಯಾವ ಕಾಲವಾಯಿತೋ. ವಿಡಿಯೋ ಬಂದರೆ ಮಸುಕು ಚೌಕ ಮಾತ್ರ ಕಾಣುತ್ತದೆ, ತೆರೆಯುವುದಿಲ್ಲ. ಹೊಸ ಫೋನ್ ಕೇಳಿದರೆ, "ಬುಕ್ಕಿಂಗ್ ಮೆಸೇಜ್ ಬರ್ತಿದೆ ಅಲ್ವಾ, ಸಾಕು" ಅನ್ನುತ್ತಾರೆ ನಮ್ಮ ಮಾಲೀಕರು. ಇದೆಲ್ಲ ನಿಜ. ಆದರೆ ವಿಡಿಯೋ ಬಂತಾ ಅಂತ ನಾನು ಒಂದು ದಿನವೂ ಕೇಳಲಿಲ್ಲ ಅನ್ನುವುದೂ ಅಷ್ಟೇ ನಿಜ. ಫೋನ್ ಮೇಲೆ ಎಷ್ಟು ಸಿಟ್ಟು ಹಾಕಿದರೂ ಆ ಪಾಲು ನನ್ನದೇ.

ಒಂಬತ್ತು ದಿನ ಬಿಟ್ಟು ಮತ್ತೆ ಬಂದರು. ತಕ್ಕಡಿ 2.0 ತೋರಿಸಿತು. ಬೆನ್ನುಮೂಳೆ ಕೈಗೆ ಚುಚ್ಚುತ್ತಿತ್ತು. ಹಸಿವಿನ ಮಾತ್ರೆಯಿಂದ ಏನಾದರೂ ಆಯ್ತಾ ಅಂತ ಕೇಳಿದೆ.

"ಆಯ್ತು ಡಾಕ್ಟ್ರಮ್ಮ. ಈಗ ರಾತ್ರಿಯಿಡೀ ಬಟ್ಟಲ ಮುಂದೆ ಕೂತು ಅರಚ್ತಾನೆ."

ಪೆನ್ನು ಅಲ್ಲೇ ನಿಂತಿತು. ಊಟ ಬೇಡದ ಬೆಕ್ಕು ಬಟ್ಟಲ ಮುಂದೆ ಕೂತು ಯಾಕೆ ಅರಚುತ್ತದೆ?

"ಆ ವಿಡಿಯೋ..." ಅಂದೆ. ಅವರು ಏನೂ ಆಡದೆ ತಮ್ಮ ಫೋನ್ ತೆಗೆದು ಕೊಟ್ಟರು. ನಲವತ್ತು ಸೆಕೆಂಡಿನ ವಿಡಿಯೋ. ಬೆಲ್ಲ ಅನ್ನ-ಮೀನಿನ ಮೇಲೆ ಬಿದ್ದು ಗಬಗಬ ತಿನ್ನುತ್ತಾನೆ. ಆಮೇಲೆ ಕತ್ತು ಮುಂದಕ್ಕೆ ಚಾಚುತ್ತಾನೆ. ಒಂದು ಸಲ ನುಂಗುತ್ತಾನೆ, ಮತ್ತೆ ನುಂಗುತ್ತಾನೆ, ಮತ್ತೆ. ಹೊಟ್ಟೆ ಎಳೆದುಕೊಳ್ಳುವುದಿಲ್ಲ, ಓಕರಿಕೆ ಇಲ್ಲ. ಸುಮ್ನೆ ತಲೆ ತಗ್ಗಿಸುತ್ತಾನೆ, ತಿಂದದ್ದು ಕೊಳವೆಯ ಆಕಾರದಲ್ಲಿ ಹಾಗೇ ಜಾರಿ ಬೀಳುತ್ತದೆ. ತಕ್ಷಣ ಅದನ್ನೇ ಮತ್ತೆ ತಿನ್ನಲು ಶುರು ಮಾಡುತ್ತಾನೆ.

ಇದು ವಾಂತಿಯೇ ಅಲ್ಲ. ಊಟ ಹೊಟ್ಟೆಯನ್ನೇ ಮುಟ್ಟಿರಲಿಲ್ಲ. ನಮ್ಮ ಮಾತಿನಲ್ಲಿ ಬಾಯಿಂದ ಏನು ಬಂದರೂ ವಾಂತಿಯೇ. ಮೇಷ್ಟ್ರು ಅದನ್ನು ಬೇರೆ ಹೆಸರಿಂದ ಕರೆಯಬೇಕಾಗಿರಲಿಲ್ಲ. ಹೊಟ್ಟೆ ಎಳೀತಾನಾ, ತಿಂದ ಎಷ್ಟು ಹೊತ್ತಿಗೆ ಬರುತ್ತೆ, ಹಳದಿ ನೀರು ಇರುತ್ತಾ ಅಂತ ಕೇಳಬೇಕಾದವಳು ನಾನು. ಎರಡನೇ ವರ್ಷದ ಹುಡುಗರಿಗೂ ಗೊತ್ತಿರುವ ಮೂರು ಪ್ರಶ್ನೆ. ಕೇಳದೆ ++ ಹಾಕಿದ್ದೆ. ಅದರ ಮೇಲೆ, ಹಸಿದು ಸಾಯುತ್ತಿದ್ದ ಬೆಕ್ಕಿಗೆ ಇನ್ನಷ್ಟು ಹಸಿವಾಗುವ ಮಾತ್ರೆ ಬರೆದಿದ್ದೆ.

ಅವತ್ತೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ಕೊಟ್ಟು ನೋಡಿದೆವು. ನೀರಿನಂಥದ್ದು ಮೊದಲು ಕೊಟ್ಟಾಗ ಸಣ್ಣ ಗೆರೆಯಾಗಿ ಇಳಿದು ಹೋಯಿತು. ಸಹಾಯಕ ಹುಡುಗ, "ನಾರ್ಮಲ್ ಅಲ್ವಾ ಮೇಡಂ?" ಅಂದ. ನನಗೂ ಹಾಗೇ ಅನ್ನಿಸಿತು. ಬೇರೆ ದಿನವಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಬೇರಿಯಂ ಅನ್ನು ಊಟದಲ್ಲಿ ಕಲಸಿ ಮತ್ತೆ ಕೊಟ್ಟೆವು. ಶ್ವಾಸಕೋಶಕ್ಕೆ ಹೋದರೆ ಮುಗಿಯಿತು ಅನ್ನುವ ಭಯಕ್ಕೆ ಅವನ ತಲೆ ಹಿಡಿದ ಕೈ ಬೆವರುತ್ತಿತ್ತು. ಪ್ಲೇಟ್ ಸ್ಕ್ರೀನಿನ ಮೇಲೆ ಬಂತು. ಕತ್ತು ಎದೆಗೂಡಿಗೆ ಸೇರುವ ಜಾಗದಲ್ಲಿ ಬಿಳಿ ಉಂಡೆ ನಿಂತಿದೆ. ಅದರ ಕೆಳಗೆ ದಾರದಷ್ಟು ದಾರಿ. ಸ್ಟ್ರಿಕ್ಚರ್, ಅಂದರೆ ಅನ್ನನಾಳ ಅಲ್ಲಿ ಬಿಗಿದು ಕಿರಿದಾಗಿತ್ತು.

ಎಂಡೋಸ್ಕೋಪ್ ನಮ್ಮಲ್ಲಿಲ್ಲ. ಬೆಂಗಳೂರಿಗೆ ರೆಫರ್ ಮಾಡಬೇಕಿತ್ತು. ರೆಫರಲ್ ಲೆಟರಿನಲ್ಲಿ "ಹಿಂದೆ ಕೊಟ್ಟ ಔಷಧ" ಅಂತ ಒಂದು ಕಾಲಂ ಇದೆ. ಅದನ್ನು ತುಂಬಲು ಫೈಲ್ ತಿರುವಿದೆ. ಒಂದೂವರೆ ತಿಂಗಳ ಹಿಂದೆ ಬೆಲ್ಲನಿಗೆ ಶೀತ, ಸೀನು, ಕಣ್ಣಲ್ಲಿ ಪಿಸುರು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್, 100 ಮಿ.ಗ್ರಾಂ ಮಾತ್ರೆ, ದಿನಕ್ಕೊಮ್ಮೆ ಕಾಲು, 10 ದಿನ. ಕೆಳಗೆ ನನ್ನ ಸಹಿ.

ಸಿರಪ್ ಖಾಲಿಯಾಗಿತ್ತು ಅಂತ ಮಾತ್ರೆ ಬರೆದಿದ್ದೆ. ಡಾಕ್ಸಿ ಮಾತ್ರೆಯನ್ನು ಬೆಕ್ಕಿಗೆ ಒಣದಾಗಿ ನುಂಗಿಸಬಾರದು. ಬೆಕ್ಕಿನ ಅನ್ನನಾಳದಲ್ಲಿ ಒಣ ಮಾತ್ರೆ ನಿಮಿಷಗಟ್ಟಲೆ ಅಂಟಿಕೊಂಡಿರುತ್ತದೆ. ಡಾಕ್ಸಿ ಕರಗಿದಾಗ ಆಮ್ಲದಂತೆ ಸುಡುತ್ತದೆ. ಸುಟ್ಟ ಜಾಗ ಮಾಯುವಾಗ ಮುದುಡಿ ಬಿಗಿಯುತ್ತದೆ. ಮಾತ್ರೆಯ ಹಿಂದೆಯೇ ಐದಾರು ಎಂಎಲ್ ನೀರು ಕುಡಿಸಿದರೆ, ಇಲ್ಲವೇ ಒಂದು ಚೂರು ಊಟ ತಿನ್ನಿಸಿದರೆ, ಮಾತ್ರೆ ಕೆಳಗಿಳಿಯುತ್ತದೆ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇನೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಔಷಧ, ಪ್ರಮಾಣ, ದಿನ ಅಂತ ಮೂರು ಡಬ್ಬ ಇವೆ. ಹೇಗೆ ಕೊಡಬೇಕು ಅನ್ನಲು ಜಾಗವಿಲ್ಲ. ಬಾಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

"ಸಾರ್, ಡೈರಿ ಕೊಡ್ತೀರಾ?" ಅಂದೆ. ಹತ್ತು ದಿನದ್ದೂ ಇತ್ತು. "8.10. ಕಾಲು ಮಾತ್ರೆ. ಬಾಯಿ ತೆರೆದು ನುಂಗಿಸಿದೆ. ಒಂಬತ್ತಕ್ಕೆ ಊಟ." ಹತ್ತು ಸಾಲೂ ಅದೇ. ಒಂದು ದಿನವೂ ತಪ್ಪಿಸಿರಲಿಲ್ಲ.

ಮಾಲೀಕರಿಗೆ ಮೊದಲು ಹೇಳಿದೆ. "ಇಂಥದ್ದೆಲ್ಲ ಯಾಕೆ ಬರೆದು ಕೊಡ್ತೀರಿ, ಕಾರಣ ಹತ್ತಾರು ಇರುತ್ತೆ" ಅಂದರು. ಆ ಮಾತು ಒಂದು ಗಳಿಗೆ ಹಿತವಾಗಿಯೇ ಕೇಳಿಸಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದೆ. ಮೇಷ್ಟ್ರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಯಾಕೆ ಹೀಗಾಯ್ತು ಡಾಕ್ಟ್ರಮ್ಮ?" ಅಂದರು. "ಬೇರೆ ಬೇರೆ ಕಾರಣ ಇರಬಹುದು ಸಾರ್..." ಅಂತ ಶುರು ಮಾಡಿದವಳಿಗೆ ಮುಂದಿನ ಮಾತು ಹೊರಡಲಿಲ್ಲ. ಪಕ್ಕದಲ್ಲಿ ಕೂತು ಮಾತ್ರೆಯ ವಿಷಯ ಹೇಳಿದೆ.

ಅವರು ತುಂಬಾ ಹೊತ್ತು ಡೈರಿಯನ್ನೇ ನೋಡುತ್ತಿದ್ದರು. ಆಮೇಲೆ, "ಹಾಗಾದ್ರೆ ನಾನು ನೀರು ಕೊಡಬೇಕಿತ್ತು," ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಇಲ್ಲ ಸಾರ್, ನಾನು ಹೇಳಬೇಕಿತ್ತು," ಅಂತ ಎರಡು ಸಲ ಹೇಳಿದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಲೆಟರಿನಲ್ಲಿ ಎಲ್ಲವನ್ನೂ ಬರೆದು ಕೊಟ್ಟೆ, ಒಣ ಮಾತ್ರೆ ಅನ್ನುವುದನ್ನೂ.

ಬೆಂಗಳೂರಿನಲ್ಲಿ ಬಲೂನ್ ಹಾಕಿ ಹಿಗ್ಗಿಸಿದರು. ಒಂದು ಸಲಕ್ಕೆ ಮುಗಿಯಲಿಲ್ಲ, ಮತ್ತೆ ಬಿಗಿಯಿತು, ಮೂರು ಸಲ ಹೋಗಬೇಕಾಯಿತು. ಅಷ್ಟು ದಿನ ಉಪವಾಸವಿದ್ದ ಬೆಕ್ಕಿಗೆ ಒಮ್ಮೆಲೇ ಉಣ್ಣಿಸುವಂತಿಲ್ಲ. ಎರಡು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 118 ಕಿಲೋಕ್ಯಾಲೊರಿ ಬೇಕು, ಮೊದಲ ದಿನ ಅದರ ಕಾಲು ಭಾಗದಿಂದ ಶುರು. ಆ ಲೆಕ್ಕವನ್ನು ಮೇಷ್ಟ್ರು ನನಗಿಂತ ಚೆನ್ನಾಗಿ ಮಾಡಿದರು. ಎಫ್‌ಐಪಿ ಅಂತೂ ಇರಲೇ ಇಲ್ಲ. ಡೈರಿಯ ಆ 84ರ ಮೇಲೆ ಈಗ ಅಡ್ಡಗೆರೆ ಇದೆ.

ಬೆಲ್ಲ ಈಗ 3.6 ಕಿಲೋ. ಊಟ ಮಾತ್ರ ಇನ್ನೂ ಗಂಜಿಯ ಹಾಗೆ ಅರೆದೇ ಕೊಡಬೇಕು. ಗಟ್ಟಿ ಮೀನು ಕಂಡರೆ ಅವನ ಜೀವ ಹೋಗುತ್ತದಂತೆ, ಮೇಷ್ಟ್ರು ಬಾಗಿಲು ಹಾಕಿಕೊಂಡು ಊಟ ಮಾಡುತ್ತಾರಂತೆ.

ನಾನು ಈಗ ಬೆಕ್ಕಿಗೆ ಮಾತ್ರೆ ಬರೆದರೆ, ಪ್ರಿಂಟಾದ ಚೀಟಿಯ ಮೇಲೆ ಪೆನ್ನಿನಲ್ಲಿ "ಹಿಂದೆಯೇ 6 ಎಂಎಲ್ ನೀರು" ಅಂತ ಬರೆದು, ಒಂದು ಸೂಜಿಯಿಲ್ಲದ ಸಿರಿಂಜನ್ನು ಸ್ಟೇಪಲ್ ಮಾಡಿ ಕೊಡುತ್ತೇನೆ. ಸ್ಟಾಕ್ ಲೆಕ್ಕದಲ್ಲಿ ಸಿರಿಂಜ್ ಕಡಿಮೆ ಬರ್ತಿದೆ, ಬಿಲ್ಲಿಗೆ ಯಾಕೆ ಹಾಕ್ತಿಲ್ಲ ಅಂತ ಹೋದ ವಾರ ಮಾಲೀಕರು ಕೇಳಿದರು. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಡಬ್ಬ ಇಲ್ಲ ಸಾರ್ ಅಂದೆ.