ಆಲ್ಫಾ 0.94 ಬಂತು, ಸರಿ. ಅಳೆದದ್ದು ಏನನ್ನು?

ದಾಂಪತ್ಯ ತೃಪ್ತಿಗೆ ಹೊಸದಾಗಿ ಪ್ರಶ್ನಾವಳಿ ಮಾಡಿದವರ ವರದಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಕ್ರೋನ್‌ಬಾಕ್ ಆಲ್ಫಾ, ಅಂದರೆ ಎಲ್ಲ ಪ್ರಶ್ನೆಗಳ ಉತ್ತರಗಳು ಒಟ್ಟಾರೆ ಎಷ್ಟು ತಾಳೆಯಾಗುತ್ತವೆ ಎಂದು ಹೇಳುವ ಅಂಕಿ. ಅದು 0.90 ದಾಟಿದರೆ ‘ಮಾಪನಿ ಸಿಂಧುವಾಗಿದೆ’ (ಅಳೆಯಬೇಕಾದುದನ್ನೇ ಅಳೆಯುತ್ತದೆ) ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ. ಸಿಂಧುತ್ವಕ್ಕೂ ಆಲ್ಫಾಕ್ಕೂ ನೇರ ಸಂಬಂಧವೇ ಇಲ್ಲ. ಎಲ್ಲ ಪ್ರಶ್ನೆಗಳೂ ಒಂದೇ ವಿಷಯವನ್ನು ಅಳೆಯುತ್ತಿವೆ ಎನ್ನುವುದಕ್ಕೂ ಅದು ಸಾಕ್ಷಿಯಾಗದು.

ಲೆಕ್ಕ ಹಾಕಿಯೇ ನೋಡಬಹುದು. 30 ಹೇಳಿಕೆಗಳಿವೆ ಎನ್ನಿ. 15 ಮನೆಯ ಹಣಕಾಸಿನ ಬಗ್ಗೆ, 15 ಲೈಂಗಿಕ ಜೀವನದ ಬಗ್ಗೆ. ಆಯಾ ಗುಂಪಿನೊಳಗೆ ಹೇಳಿಕೆಗಳ ನಡುವಿನ ಸಹಸಂಬಂಧ (ಉತ್ತರಗಳು ಜೊತೆಜೊತೆಗೆ ಏರಿಳಿಯುವ ಪ್ರಮಾಣ; ಸೊನ್ನೆ ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ) 0.50, ಒಂದು ಗುಂಪಿಗೂ ಇನ್ನೊಂದಕ್ಕೂ ಸೊನ್ನೆ. ಅಂದರೆ ಇವೆರಡೂ ಪರಸ್ಪರ ನೆಂಟಸ್ತಿಕೆಯೇ ಇಲ್ಲದ ಎರಡು ವಿಷಯಗಳು. 30 ಹೇಳಿಕೆಗಳಿಂದ ಆಗುವ 435 ಜೋಡಿಗಳಲ್ಲಿ 210ಕ್ಕೆ ಮಾತ್ರ ಸಂಬಂಧವಿದೆ. ಎಲ್ಲ ಜೋಡಿಗಳ ಸರಾಸರಿ 0.24. ಸೂತ್ರಕ್ಕೆ ಹಾಕಿದರೆ ಆಲ್ಫಾ 0.90 ಬರುತ್ತದೆ! ಹೇಳಿಕೆಗಳ ಸಂಖ್ಯೆ ಏರಿಸಿದರೆ ಸಾಕು, ಆಲ್ಫಾ ತಾನಾಗಿಯೇ ಏರುತ್ತದೆ. ಸರಾಸರಿ ಸಹಸಂಬಂಧ 0.25ರಲ್ಲೇ ಇದ್ದರೂ 10 ಹೇಳಿಕೆಗೆ 0.77, 20ಕ್ಕೆ 0.87, 40ಕ್ಕೆ 0.93.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಬೇರೆ ಕಡೆ: ತೃಪ್ತಿ ಎಂದರೆ ಏನೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳುವುದರಿಂದ. ಈ ಕ್ಷೇತ್ರದ ಹಳೆಯ ಗೊಂದಲವೂ ಇಲ್ಲೇ ಇದೆ. 1976ರ ಸ್ಪೇನಿಯರ್ ಅವರ ಡಯಾಡಿಕ್ ಅಡ್ಜಸ್ಟ್‌ಮೆಂಟ್ ಸ್ಕೇಲ್ ಎಂಬ ದಾಂಪತ್ಯದ ಮಾಪನಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 32 ಪ್ರಶ್ನೆಗಳು, ಒಟ್ಟು 0ರಿಂದ 151 ಅಂಕ. ಬಿಡಿಸಿ ನೋಡಿದರೆ 65 ಅಂಕ ದಂಪತಿಯ ನಡುವಿನ ಸಹಮತಕ್ಕೆ, 24 ಜೊತೆಯಾಗಿ ಕಳೆಯುವ ಸಮಯಕ್ಕೆ, 12 ಪ್ರೀತಿ ತೋರಿಸುವ ಬಗೆಗೆ. ತೃಪ್ತಿ ಎಂಬ ಹೆಸರಿನ ಭಾಗಕ್ಕೆ ಸಿಗುವುದು 50, ಅಂದರೆ ಮೂರನೇ ಒಂದು ಪಾಲು. ಇದನ್ನೇ ‘ತೃಪ್ತಿ’ ಎಂದು ಕರೆದು, ಪಕ್ಕದಲ್ಲಿ ಜಗಳ ಮತ್ತು ಸಂವಹನದ ಪ್ರಶ್ನಾವಳಿ ಇಟ್ಟು, ಎರಡಕ್ಕೂ ಗಾಢ ಸಂಬಂಧವಿದೆ ಎಂದು ತೋರಿಸಿದರೆ ಅದರಲ್ಲಿ ಹೊಸದೇನೂ ಇಲ್ಲ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದೇವೆ, ಉತ್ತರಗಳು ತಾಳೆಯಾಗಿವೆ. ಫಿಂಚಮ್ ಮತ್ತು ಬ್ರ್ಯಾಡ್‌ಬರಿ 1987ರಲ್ಲೇ ಇದನ್ನು ಎತ್ತಿ ತೋರಿಸಿದ್ದರು: ದಾಂಪತ್ಯದಲ್ಲಿ ಏನು ನಡೆಯುತ್ತಿದೆ ಎಂಬ ವರ್ಣನೆ ಬೇರೆ, ಅದರ ಬಗ್ಗೆ ವ್ಯಕ್ತಿ ಕೊಡುವ ತೀರ್ಪು ಬೇರೆ. ಮನೆಯಲ್ಲಿ ವಾರಕ್ಕೊಮ್ಮೆ ಜಗಳವಾದರೂ ತೃಪ್ತರಾಗಿರುವವರಿದ್ದಾರೆ, ಜಗಳವೇ ಆಗದೆ ಬೇಸತ್ತವರೂ ಇದ್ದಾರೆ.

ತೀರ್ಪನ್ನು ಮಾತ್ರ ಅಳೆಯುವ ಮಾಪನಿಗಳು ಚಿಕ್ಕದಾಗಿರುತ್ತವೆ. 1983ರ ನಾರ್ಟನ್ ಅವರ ಕ್ವಾಲಿಟಿ ಮ್ಯಾರೇಜ್ ಇಂಡೆಕ್ಸ್‌ನಲ್ಲಿ 6 ಪ್ರಶ್ನೆಗಳು, ಕ್ಯಾನ್ಸಸ್ ಮಾಪನಿಯಲ್ಲಿ ಬರೀ 3. ಎಲ್ಲಿ ಕಾಸು, ಎಲ್ಲಿ ಮಕ್ಕಳು, ಎಲ್ಲಿ ಬೀಗರು ಎಂದು ಬಿಡಿಬಿಡಿಯಾಗಿ ತಿಳಿಯಬೇಕಾದ ಆಪ್ತಸಲಹೆಗಾರರಿಗೆ ಇವು ಸಾಲುವುದಿಲ್ಲ. ಅವರಿಗೆ ಕ್ಷೇತ್ರವಾರು ಅಂಕ ಬೇಕು. ಎರಡೂ ಬೇಕೆಂದರೆ ಎರಡು ಮಾಪನಿ ಮಾಡಿ, ಎರಡು ಅಂಕ ಕೊಡಿ. ಎಲ್ಲವನ್ನೂ ಕೂಡಿಸಿ ಒಂದು ಮೊತ್ತ ಮಾಡುವುದರಿಂದಲೇ ಅರ್ಧ ಅನಾಹುತ.

ಹೇಳಿಕೆಗಳನ್ನು ಬರೆಯುವಾಗ, ಕೊನೆಗೆ ಉಳಿಯಬೇಕಾದುದರ ಮೂರು ನಾಲ್ಕು ಪಟ್ಟು ಬರೆದಿಟ್ಟುಕೊಳ್ಳಬೇಕು. 16 ಬೇಕಿದ್ದರೆ 50–60. ಇಲ್ಲಿ ಕೈಕೊಡುವುದು ಭಾಷೆ. ‘ನನ್ನ ಹೆಂಡತಿ ನನ್ನ ಮಾತು ಕೇಳುತ್ತಾಳೆ’ ಎಂಬ ಹೇಳಿಕೆಯನ್ನೇ ತೆಗೆದುಕೊಳ್ಳಿ. ಬರೆದವರ ಮನಸ್ಸಿನಲ್ಲಿದ್ದದ್ದು ಗಮನವಿಟ್ಟು ಆಲಿಸುವುದು. ಕನ್ನಡದಲ್ಲಿ ಮಾತು ಕೇಳುವುದೆಂದರೆ ಹೇಳಿದಂತೆ ನಡೆಯುವುದೂ ಹೌದು. ಕೆಲವರು ಇದನ್ನು ವಿಧೇಯತೆ ಎಂದು ಓದುತ್ತಾರೆ, ಕೆಲವರು ಕಿವಿಗೊಡುವುದು ಎಂದು. ಅದೇ ಹೇಳಿಕೆಯನ್ನು ಗಂಡನ ಬಗ್ಗೆ ಹೆಂಡತಿಗೆ ಕೊಟ್ಟರೆ ಓದುವ ಬಗೆ ಮತ್ತೊಂದು. ತೃಪ್ತಿಯ ಮಟ್ಟ ಒಂದೇ ಇದ್ದರೂ ಗಂಡಂದಿರ ಮತ್ತು ಹೆಂಡತಿಯರ ಉತ್ತರ ಬೇರೆಯಾಗುವುದು ಇಂಥ ಕಡೆಯೇ. ‘ಮನಸ್ಸಿನಲ್ಲಿರುವುದನ್ನು ಹೇಳಿಕೊಂಡಾಗ ಗಮನವಿಟ್ಟು ಕೇಳಿಸಿಕೊಳ್ಳುತ್ತಾಳೆ’ ಎಂದು ಬದಲಿಸಿದರೆ ಎರಡರ್ಥವೇನೋ ಹೋಯಿತು. ಆದರೆ ಇದು ವರ್ಣನೆಯ ಹೇಳಿಕೆ ಎಂಬುದನ್ನು ಮರೆಯಬಾರದು. ತೀರ್ಪಿನ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

‘ನಾವು ಹೊಂದಿಕೊಂಡು ಹೋಗುತ್ತಿದ್ದೇವೆ’ ಎಂಬುದು ಇನ್ನೂ ಮೋಸದ ಹೇಳಿಕೆ. ಅಡ್ಜಸ್ಟ್‌ಮೆಂಟ್ ಎಂಬುದಕ್ಕೆ ಹೊಂದಾಣಿಕೆ ಎಂದು ನಿಘಂಟು ನೋಡಿ ಹಾಕಿದ್ದು. ಆಡುಮಾತಿನಲ್ಲಿ ಹೊಂದಿಕೊಂಡು ಹೋಗುವವರು ಸಹಿಸಿಕೊಂಡು ಹೋಗುವವರೇ. ತೀರಾ ಬೇಸತ್ತವರೂ ಇದಕ್ಕೆ ‘ಪೂರ್ಣವಾಗಿ ಒಪ್ಪುತ್ತೇನೆ’ ಎಂದು ಗುರುತು ಹಾಕುತ್ತಾರೆ. ಉಳಿದ ಹೇಳಿಕೆಗಳ ಮೊತ್ತದೊಂದಿಗೆ ಇದರ ಸಹಸಂಬಂಧ ಸೊನ್ನೆಯ ಹತ್ತಿರ ಬಂದರೆ ಅಚ್ಚರಿಪಡಬೇಕಿಲ್ಲ.

ಅನುವಾದಿತ ಮಾಪನಿಗಳ ಕಥೆಯೂ ಇದೇ. ಕನ್ನಡಕ್ಕೆ ತಂದದ್ದನ್ನು ಮೂಲ ನೋಡಿರದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ ಹೋಲಿಸುವ ಪದ್ಧತಿ 1970ರಲ್ಲಿ ಬ್ರಿಸ್ಲಿನ್ ವಿವರಿಸಿದ ಕಾಲದಿಂದ ನಡೆದುಬಂದಿದೆ. ಅದರಲ್ಲೊಂದು ಬಲೆ ಇದೆ: ಕನ್ನಡ ಎಷ್ಟು ಕೃತಕವೋ ಮರು ಅನುವಾದ ಅಷ್ಟು ಚೆನ್ನಾಗಿ ಹೊಂದುತ್ತದೆ. ‘ರಿವಾರ್ಡಿಂಗ್’ ಎಂಬುದನ್ನು ‘ಪ್ರತಿಫಲದಾಯಕ’ ಎಂದು ಮಾಡಿದರೆ ವಾಪಸು ಹೋಗುವಾಗ ಅದೇ ಪದ ಸಿಗುತ್ತದೆ, ಸಮಿತಿ ಸಹಿ ಹಾಕುತ್ತದೆ. ಓದುಗನಿಗೆ ಮಾತ್ರ ಬ್ಯಾಂಕಿನ ಠೇವಣಿ ಯೋಜನೆ ನೆನಪಾಗುತ್ತದೆ. ‘ವಾರ್ಮ್’ ಎಂಬುದರಿಂದ ಬಂದ ‘ಬೆಚ್ಚಗಿನ ಸಂಬಂಧ’ ಏನನ್ನು ನೆನಪಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಒಂದು ಅನುಕೂಲವಿದೆ: ‘ನನಗೆ ನೆಮ್ಮದಿ ಇದೆ’, ‘ಸಂತೋಷವಾಗಿದ್ದೇನೆ’ ಇವಕ್ಕೆ ಲಿಂಗಭೇದವಿಲ್ಲ, ಒಂದೇ ಫಾರ್ಮ್ ಇಬ್ಬರಿಗೂ ಆದೀತು. ಸಂಗಾತಿಯ ವಿಷಯ ಬಂದ ಕೂಡಲೇ ಅವಳು, ಅವನು, ಅವರು ಶುರು. ‘ಸಂಗಾತಿ’ ಎಂಬ ಪುಸ್ತಕದ ಪದದಿಂದ ತಪ್ಪಿಸಿಕೊಳ್ಳುವುದಕ್ಕಿಂತ ಗಂಡನಿಗೊಂದು, ಹೆಂಡತಿಗೊಂದು ಎಂದು ಎರಡು ಫಾರ್ಮ್ ಅಚ್ಚು ಹಾಕಿಸುವುದೇ ಒಳ್ಳೆಯದು. ಹಾಗೆ ಮಾಡಿದರೆ ಮುಂದೆ ಎರಡೂ ಒಂದೇ ರೀತಿ ಅಳೆಯುತ್ತಿವೆ ಎಂದು ತೋರಿಸುವ ಹೊಣೆ ಹೆಗಲಿಗೆ ಬೀಳುತ್ತದೆ.

ತಜ್ಞರ ಪರಿಶೀಲನೆಯನ್ನು ಔಪಚಾರಿಕತೆ ಎಂದುಕೊಂಡವರೇ ಹೆಚ್ಚು. ಲಾಶೆ ಅವರ 1975ರ ಸೂತ್ರ ಸುಲಭದ್ದು: ಒಂದು ಹೇಳಿಕೆಯನ್ನು ‘ಅತ್ಯಗತ್ಯ’ ಎಂದವರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸುವುದು. ಹತ್ತರಲ್ಲಿ ಎಂಟು ಜನ ಒಪ್ಪಿದರೆ 0.60. ಹತ್ತು ಜನರಿದ್ದಾಗ ಅವರ ಕೋಷ್ಟಕ ಕೇಳುವುದು ಕನಿಷ್ಠ 0.62, ಆದ್ದರಿಂದ ಆ ಹೇಳಿಕೆ ಬಿದ್ದಂತೆ; ಒಂಬತ್ತು ಜನ ಬೇಕು. ತಜ್ಞರೆಲ್ಲ ಒಂದೇ ವಿಭಾಗದ ಸಹೋದ್ಯೋಗಿಗಳಾದರೆ ಈ ಅಂಕಿಗೆ ಬೆಲೆಯಿಲ್ಲ. ಅದಾದ ಮೇಲೆ ಎಂಟು ಹತ್ತು ವಿವಾಹಿತರನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರತಿ ಹೇಳಿಕೆಯನ್ನೂ ಗಟ್ಟಿಯಾಗಿ ಓದಿಸಿ, ‘ಇದನ್ನು ನಿಮ್ಮ ಮಾತಲ್ಲಿ ಹೇಳಿ, ಉತ್ತರ ಕೊಡುವಾಗ ಯಾವ ಸಂದರ್ಭ ನೆನಪಾಯಿತು?’ ಎಂದು ಕೇಳಬೇಕು. ‘ಮಾತು ಕೇಳುತ್ತಾಳೆ’ ಸಿಕ್ಕಿಬೀಳುವುದು ಈ ಹಂತದಲ್ಲೇ. ಸಮಯವಿಲ್ಲ ಎಂದು ಯಾವುದನ್ನಾದರೂ ಬಿಡಲೇಬೇಕಾದರೆ ತಜ್ಞರ ಸುತ್ತನ್ನು ಬಿಡಿ, ಇದನ್ನು ಬಿಡಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಮಾಹಿತಿ ಸಂಗ್ರಹದಲ್ಲಿ ದಂಪತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಲಕೋಟೆಯಲ್ಲಿ ತೆಗೆದುಕೊಳ್ಳಿ. ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯದು ಎಂದು ಮೊದಲೇ ಬರೆದುಕೊಡಿ. ಫಾರ್ಮ್ ಮನೆಗೆ ಕಳಿಸಿದರೆ ಪಕ್ಕದಲ್ಲಿ ಕುಳಿತವರನ್ನು ನೋಡಿಕೊಂಡೇ ಗುರುತು ಬೀಳುತ್ತದೆ, ಹಿಂಸೆ ಇರುವ ಮನೆಯಲ್ಲಿ ಆ ಕಾಗದವೇ ಅಪಾಯ. ಇಬ್ಬರೂ ಒಪ್ಪಿ ಬಂದ ಜೋಡಿಗಳು ಸಾಮಾನ್ಯವಾಗಿ ಚೆನ್ನಾಗಿರುವವರೇ ಆದ್ದರಿಂದ ಅಂಕಗಳೆಲ್ಲ ಮೇಲ್ತುದಿಯಲ್ಲಿ ಗುಂಪುಗೂಡುತ್ತವೆ. ಆಪ್ತಸಲಹೆಗೆ ಬಂದವರನ್ನೂ ಬೇಕೆಂದೇ ಸೇರಿಸಿಕೊಳ್ಳದಿದ್ದರೆ ಮಾಪನಿಯ ಕೆಳಗಿನ ಅರ್ಧ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯುವುದೇ ಇಲ್ಲ.

150 ಜೋಡಿಗಳಿಂದ 300 ಜನ ಸಿಕ್ಕರು ಎಂದು ಬೀಗುವುದೂ ತಪ್ಪು. ಗಂಡ ಹೆಂಡಿರ ಅಂಕಗಳ ನಡುವೆ 0.60 ಸಂಬಂಧವಿದ್ದರೆ, ಸರಾಸರಿಯನ್ನು ಅಂದಾಜಿಸುವ ಮಟ್ಟಿಗೆ ಆ 300 ಜನ 1.6ರಿಂದ ಭಾಗವಾಗಿ ಸುಮಾರು 188 ಬಿಡಿ ವ್ಯಕ್ತಿಗಳಿಗೆ ಸಮ. ಇಬ್ಬರನ್ನೂ ಒಂದೇ ಕಡತದಲ್ಲಿ ಸಾಲಾಗಿ ಸುರಿದು ಫ್ಯಾಕ್ಟರ್ ಅನಾಲಿಸಿಸ್ (ಉತ್ತರಗಳ ಹಿಂದೆ ಅಡಗಿರುವ ಸಮಾನ ‘ಅಂಶ’ಗಳನ್ನು ಹುಡುಕುವ ಲೆಕ್ಕ) ಮಾಡಿದರೆ ಲೆಕ್ಕ ಹುಸಿ ಭರವಸೆ ಕೊಡುತ್ತದೆ. ಜೋಡಿಯನ್ನೇ ಒಂದು ಸಾಲಾಗಿ ಇಟ್ಟು, ಗಂಡನ ಅಂಶ ಒಂದು, ಹೆಂಡತಿಯದು ಇನ್ನೊಂದು, ಎರಡರ ನಡುವೆ ಸಹಸಂಬಂಧ, ಅದೇ ಹೇಳಿಕೆಗೆ ಇಬ್ಬರೂ ಕೊಟ್ಟ ಉತ್ತರಗಳಲ್ಲಿ ಅಂಶ ವಿವರಿಸದೆ ಉಳಿದ ಶೇಷಗಳ ನಡುವೆಯೂ ಸಹಸಂಬಂಧ, ಹೀಗೆ ಮಾದರಿ ಕಟ್ಟಬೇಕು. ಎರಡು ಫಾರ್ಮ್‌ಗಳ ಸಮಾನತೆಯನ್ನೂ ಇಲ್ಲೇ ಪರೀಕ್ಷಿಸಬಹುದು: ಮೊದಲು ರಚನೆ, ಆಮೇಲೆ ಲೋಡಿಂಗ್ (ಹೇಳಿಕೆಗೂ ಅಂಶಕ್ಕೂ ಇರುವ ನಂಟಿನ ಬಲ), ಆಮೇಲೆ ಇಂಟರ್ಸೆಪ್ಟ್ (ತೃಪ್ತಿ ಒಂದೇ ಮಟ್ಟದಲ್ಲಿದ್ದಾಗ ಉತ್ತರ ಶುರುವಾಗುವ ಮಟ್ಟ). ಪ್ರತಿ ಮೆಟ್ಟಿಲಿಗೂ ಸಿಎಫ್‌ಐ (ಮಾದರಿ ಮಾಹಿತಿಗೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಕುಸಿಯದಿದ್ದರೆ ಸರಿ. ಇಂಟರ್ಸೆಪ್ಟ್ ಹಂತ ಪಾಸಾಗದೆ ‘ಹೆಂಡತಿಯರ ತೃಪ್ತಿ ಕಡಿಮೆ’ ಎಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ಎಷ್ಟು ಅಂಶ ಉಳಿಸಬೇಕೆಂಬುದಕ್ಕೆ ‘ಐಗನ್ ಮೌಲ್ಯ (ಒಂದು ಅಂಶ ಉತ್ತರಗಳ ಎಷ್ಟು ವ್ಯತ್ಯಾಸವನ್ನು ವಿವರಿಸುತ್ತದೆ ಎಂಬ ಅಂಕಿ) ಒಂದಕ್ಕಿಂತ ಹೆಚ್ಚು’ ಎಂಬ ನಿಯಮವನ್ನು ಸಾಫ್ಟ್‌ವೇರ್ ತಾನೇ ಹಾಕಿಬಿಡುತ್ತದೆ, ಬೇಕಿಲ್ಲದ ಅಂಶಗಳನ್ನು ಹುಟ್ಟಿಸುತ್ತದೆ. ಯಾದೃಚ್ಛಿಕ ಅಂಕಿಗಳಿಂದ ಬರುವ ಮೌಲ್ಯಕ್ಕಿಂತ ದೊಡ್ಡದಾದ ಅಂಶಗಳನ್ನು ಮಾತ್ರ ಉಳಿಸುವ, ಹಾರ್ನ್ 1965ರಲ್ಲಿ ಕೊಟ್ಟ ಪ್ಯಾರಲಲ್ ಅನಾಲಿಸಿಸ್ ಬಳಸಿ. ಐದು ಆಯ್ಕೆಯ ಉತ್ತರಗಳಿಗೆ, ಅದರಲ್ಲೂ ಒಂದೇ ಬದಿಗೆ ವಾಲಿದವಕ್ಕೆ, ಮೆಟ್ಟಿಲು ಮೆಟ್ಟಿಲಾದ ಉತ್ತರಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧವೇ ಸೂಕ್ತ. ‘ಬೇಸರವಿಲ್ಲ’, ‘ಕೊರತೆ ಇಲ್ಲ’ ಎಂಬ ನಿಷೇಧದ ಹೇಳಿಕೆಗಳೆಲ್ಲ ಸೇರಿ ಪ್ರತ್ಯೇಕ ಅಂಶವಾಗಿ ಎದ್ದು ನಿಂತರೆ ಅದಕ್ಕೆ ‘ಅತೃಪ್ತಿ’ ಎಂದು ನಾಮಕರಣ ಮಾಡುವ ಮುನ್ನ ಯೋಚಿಸಿ. ಬಹುಪಾಲು ಅದು ವಾಕ್ಯರಚನೆಯ ನೆರಳು.

ಸಿಂಧುತ್ವಕ್ಕೆ ಹಳೆಯ ಮಾಪನಿಯೊಂದರ ಜೊತೆ 0.85 ಸಹಸಂಬಂಧ ತೋರಿಸುವುದು ಸುಲಭದ ಭಾಗ. ಕಷ್ಟದ್ದು, ಬೇರೆಯಾಗಿರಬೇಕಾದುದರಿಂದ ಬೇರೆಯಾಗಿದೆ ಎಂದು ತೋರಿಸುವುದು: ಖಿನ್ನತೆ, ಒಟ್ಟು ಬದುಕಿನ ತೃಪ್ತಿ, ಒಳ್ಳೆಯವರಂತೆ ಕಾಣಿಸಿಕೊಳ್ಳುವ ಆಸೆ. ಕೊನೆಯದಕ್ಕೆ ಎಡ್ಮಂಡ್ಸ್ 1967ರಲ್ಲೇ, ‘ನನ್ನ ದಾಂಪತ್ಯದಲ್ಲಿ ಒಂದು ಕೊರತೆಯೂ ಇಲ್ಲ’ ಎಂಬ ಧಾಟಿಯ ಅತಿಶಯದ ಹೇಳಿಕೆಗಳ ಮಾಪನಿ ಮಾಡಿದ್ದರು. ಅದರ ಅಂಕವನ್ನು ತೃಪ್ತಿಯ ಅಂಕದಿಂದ ಕಳೆದುಬಿಡುವ ಚಪಲ ಕೆಲವರಿಗಿದೆ. ನಿಜವಾಗಿ ಸುಖವಾಗಿರುವವರೂ ಉತ್ಸಾಹದಲ್ಲಿ ಹೌದು ಎನ್ನುತ್ತಾರೆ. ಕಳೆದರೆ ಅವರ ಸುಖವೂ ಕಳೆದುಹೋಗುತ್ತದೆ.

ಇಷ್ಟು ಮಾಡಿದ ಮೇಲೂ ಮಾಪನಿ ಉದ್ದವಾಗಿಯೇ ಇರಬೇಕೆಂದಿಲ್ಲ. ಫಂಕ್ ಮತ್ತು ರಾಗ್ 2007ರಲ್ಲಿ 180 ಪ್ರಶ್ನೆಗಳನ್ನು 5,315 ಜನರಿಗೆ ಆನ್‌ಲೈನ್‌ನಲ್ಲಿ ಕೊಟ್ಟು, ಐಟಂ ರೆಸ್ಪಾನ್ಸ್ ಥಿಯರಿಯಿಂದ ಯಾವ ಪ್ರಶ್ನೆ ಎಷ್ಟು ಮಾಹಿತಿ ಕೊಡುತ್ತದೆ ಎಂದು ಅಳೆದು, 32, 16 ಮತ್ತು 4 ಪ್ರಶ್ನೆಗಳ ಕಪಲ್ಸ್ ಸ್ಯಾಟಿಸ್‌ಫ್ಯಾಕ್ಷನ್ ಇಂಡೆಕ್ಸ್ ಮಾಡಿದರು. ಚಿಕ್ಕ ರೂಪ ಮಾಡುವವರು ಒಂದು ವಿಷಯ ನೋಡಿಕೊಳ್ಳಬೇಕು. ಉದ್ದ ಫಾರ್ಮ್ ತುಂಬಿಸಿ, ಅದರಿಂದಲೇ 4 ಪ್ರಶ್ನೆ ಎತ್ತಿ, ಎರಡಕ್ಕೂ 0.95 ಸಂಬಂಧವಿದೆ ಎನ್ನುವುದು ತನ್ನ ತೂಕವನ್ನು ತನ್ನೊಂದಿಗೇ ಹೋಲಿಸಿದಂತೆ. ಚಿಕ್ಕ ರೂಪವನ್ನು ಬೇರೆ ಜನರಿಗೆ, ಅದೊಂದನ್ನೇ ಕೊಟ್ಟು ಪರೀಕ್ಷಿಸಬೇಕು.

4 ಪ್ರಶ್ನೆಯ ಆ ರೂಪದಲ್ಲಿ ಒಟ್ಟು 21 ಅಂಕ, 13.5ಕ್ಕಿಂತ ಕೆಳಗಿದ್ದರೆ ಗಮನಾರ್ಹ ಅತೃಪ್ತಿ ಎಂದು ಲೆಕ್ಕ. ಇಂಥ ಗಡಿರೇಖೆಯನ್ನು ಬೇರೆ ಭಾಷೆಯ ಅನುವಾದಕ್ಕೆ ಹಾಗೇ ಎತ್ತಿಕೊಂಡುಹೋಗುವಂತಿಲ್ಲ. ಹೊಸದಾಗಿ ಎಳೆಯುವಾಗಲೂ ಜನಸಂಖ್ಯೆಯ ಪ್ರಮಾಣ ನೋಡಬೇಕು. ನಿಮ್ಮ ಗಡಿರೇಖೆ ತೊಂದರೆಯಲ್ಲಿರುವವರಲ್ಲಿ ಶೇ. 85 ಮಂದಿಯನ್ನು ಹಿಡಿಯುತ್ತದೆ, ಚೆನ್ನಾಗಿರುವವರಲ್ಲಿ ಶೇ. 85 ಮಂದಿಯನ್ನು ಬಿಟ್ಟುಬಿಡುತ್ತದೆ ಎಂದುಕೊಳ್ಳಿ. ಅರ್ಧಕ್ಕರ್ಧ ತೊಂದರೆಯಲ್ಲಿರುವವರನ್ನೇ ಸೇರಿಸಿ ಮಾಡಿದ ಅಧ್ಯಯನದಲ್ಲಿ, ಗೆರೆಯ ಕೆಳಗೆ ಬಿದ್ದ ನೂರರಲ್ಲಿ 85 ಜನ ನಿಜವಾಗಿಯೂ ತೊಂದರೆಯಲ್ಲಿದ್ದಾರೆ. ಶೇ. 15 ಮಾತ್ರ ತೊಂದರೆಯಲ್ಲಿರುವ ಕಡೆ ಅದೇ ಗೆರೆ ಹಾಕಿದರೆ ನೂರರಲ್ಲಿ 50. ನಾಣ್ಯ ಚಿಮ್ಮಿದ ಹಾಗೆ.

ಜೋಡಿಯ ಅಂಕವೆಂದು ಇಬ್ಬರ ಸರಾಸರಿ ತೆಗೆಯುವ ಅಭ್ಯಾಸವೂ ಬಿಡಬೇಕಾದದ್ದೇ. 80 ಮತ್ತು 40ರ ಸರಾಸರಿ 60; 60 ಮತ್ತು 60ರದೂ 60. ಮೊದಲ ಮನೆಯಲ್ಲಿ ಒಬ್ಬರಿಗೆ ಸಂಕಟವಿದೆ, ಇನ್ನೊಬ್ಬರಿಗೆ ಅದರ ಸುಳಿವೇ ಇಲ್ಲ.

ಇನ್ನು ಕೈಪಿಡಿಯಲ್ಲಿ ತಪ್ಪದೆ ಇರಬೇಕಾದ, ಆದರೂ ಹೆಚ್ಚಿನವರು ಮರೆಯುವ ಒಂದು ಅಂಕಿ: ಎಷ್ಟು ಅಂಕ ಏರಿದರೆ ಅದು ನಿಜವಾದ ಬದಲಾವಣೆ? ಜೇಕಬ್‌ಸನ್ ಮತ್ತು ಟ್ರುಆಕ್ಸ್ 1991ರಲ್ಲಿ ಕೊಟ್ಟ ದಾರಿ ಹೀಗಿದೆ. ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಚದುರಿರುವ ಪ್ರಮಾಣ) 15, ವಿಶ್ವಾಸಾರ್ಹತೆ 0.90 ಎಂದರೆ ಮಾಪನದ ದೋಷ 15 ಗುಣಿಸು 0.316 (1ರಿಂದ 0.90 ಕಳೆದು ಉಳಿದದ್ದರ ವರ್ಗಮೂಲ), ಅಂದರೆ 4.74. ಎರಡು ಸಲ ಅಳೆಯುವುದರಿಂದ ಅದನ್ನು 1.414ರಿಂದ ಗುಣಿಸಿ 6.7, ಶೇ. 95 ಖಾತರಿಗಾಗಿ ಮತ್ತೆ 1.96ರಿಂದ ಗುಣಿಸಿದರೆ 13.1. ಆಪ್ತಸಲಹೆಯ ಹತ್ತು ಭೇಟಿಗಳ ನಂತರ ಅಂಕ 92ರಿಂದ 101ಕ್ಕೆ ಏರಿದೆ ಎಂದು ದಂಪತಿಯನ್ನು ಅಭಿನಂದಿಸುವ ಮೊದಲು ಈ 13ನ್ನು ನೋಡಬೇಕು. 9 ಅಂಕದ ಏರಿಕೆ ಮಾಪನದ ದೋಷದಿಂದಲೇ ಬಂದಿರಬಹುದು.